ಪುರಸಭೆಗೆ ಬಂದ ಗಾಜಾ

ರೋಸಾನ್ ಹುದಾಕ್ ಪುರಸಭೆಗೆ ನಿಂತದ್ದು ಚರಂಡಿಗಾಗಿ. ಒಹಾಯೋದ ಆ ಪುಟ್ಟ ಊರಿನಲ್ಲಿ ಮಳೆ ಜೋರಾದರೆ ಅವಳ ಬೇಕರಿಯ ನೆಲಮಾಳಿಗೆಗೆ ನೀರು ನುಗ್ಗುತ್ತಿತ್ತು. ಹೇಳಿ ಹೇಳಿ ಬಾಯಿ ಸೋತ ಮೇಲೆ ತಾನೇ ಚುನಾವಣೆಗೆ ನಿಂತು ಗೆದ್ದಳು. ಬರುಬರುತ್ತಾ ಅಧ್ಯಕ್ಷೆಯೂ ಆದಳು. ಚರಂಡಿಯ ಮಾತು ಕೇಳಲು ಸಭೆಗೆ ಒಂದು ನರಪಿಳ್ಳೆಯೂ ಬರುತ್ತಿರಲಿಲ್ಲ.

ಗಾಜಾದಲ್ಲಿ ಯುದ್ಧ ಶುರುವಾದ ಚಳಿಗಾಲದಲ್ಲಿ ಅದೇ ಸಭಾಂಗಣದಲ್ಲಿ ಕಾಲಿಡಲು ಜಾಗವಿಲ್ಲ. ಪುರಸಭೆ ಕದನವಿರಾಮಕ್ಕೆ ಒತ್ತಾಯಿಸಿ ನಿರ್ಣಯ ಮಾಡಬೇಕೆಂದು ಒಂದು ಗುಂಪು, ಕೂಡದೆಂದು ಇನ್ನೊಂದು. ನಿರ್ಣಯ ತಡಮಾಡಿದ್ದಕ್ಕೆ ಕಾಲೇಜಿನ ಮಕ್ಕಳು ಅವಳನ್ನು ಕೊಲೆಗಡುಕಿ ಎಂದರು. ಅದನ್ನು ಸಭೆಯ ಮುಂದೆ ತಂದದ್ದಕ್ಕೇ ಚರ್ಚಿನ ಹಿರಿಯರು ದೇವದ್ರೋಹಿ ಎಂದರು. ಪಕ್ಕದ ಊರಿನವರೂ ಪುರುಸೊತ್ತು ಮಾಡಿಕೊಂಡು ಬಂದು ಬೈದು ಹೋದರು.

"ನಾವು ಹೇಳಿದ್ರೆ ನಮ್ಮ ಬೀದಿ ಹಿಮಾನೇ ಯಾರೂ ಎತ್ತಲ್ಲ. ಯುದ್ಧ ನಿಲ್ಲಿಸ್ತಾರೇನ್ರೀ?" ಎಂದು ಅವಳು ಮೈಕಿನ ಮುಂದೆಯೇ ಗೊಣಗಿದ್ದು ಮಾರನೆಯ ದಿನ ಪತ್ರಿಕೆಯಲ್ಲಿ ಬಂತು.

ಇವರನ್ನೆಲ್ಲ ಅವಳು ಹೇಗೋ ತಡೆದುಕೊಂಡಾಳು. ತಡೆಯಲಾಗದ್ದು ಇಬ್ಬರು ಹಳೆಯ ಗೆಳೆಯರ ಮುಖ. ಔಷಧಿ ಅಂಗಡಿಯ ಮಾರ್ವಿನ್ ಲಿಪ್ಕಿನ್ ಯಹೂದಿ. ಅವನ ತಂಗಿಯ ಮೊಮ್ಮಗ ಗಾಜಾದಲ್ಲಿ ಒತ್ತೆಯಾಳಾಗಿದ್ದ. ಟಯರ್ ಅಂಗಡಿಯ ಫೌಜಿ ಸಾಬಾ ಪ್ಯಾಲೆಸ್ತೀನಿ. ಅದೇ ಗಾಜಾದಲ್ಲಿ ಬಾಂಬು ಬಿದ್ದು ಅವನ ಅಕ್ಕನ ಮನೆ ಅವಳ ಮೇಲೆಯೇ ಕುಸಿದಿತ್ತು. ಇಬ್ಬರೂ ಬೇರೆ ಬೇರೆ ದಿನ ಬೇಕರಿಗೆ ಬಂದು, ಬ್ರೆಡ್ಡು ಕೊಳ್ಳದೆ, ನೀನು ಯಾರ ಕಡೆ ಎಂದು ಕೇಳಿದರು. ಸಭೆಯಲ್ಲಿ ನೋಡೋಣ ಎಂದು ಅವಳು ಇಬ್ಬರನ್ನೂ ಸಾಗಹಾಕಿದಳು.

ಸಭೆಯಲ್ಲಿ ಮತಗಳು ಸಮ ಬಿದ್ದವು. ಅವಳದೇ ಕೊನೆಯ ಮತ. ಕೊಲ್ಲುವುದು ನಿಲ್ಲಲಿ, ಒತ್ತೆಯಾಳುಗಳು ಮನೆಗೆ ಬರಲಿ ಎಂದು ಎರಡನ್ನೂ ಸೇರಿಸಿ, ಕೈಯೆತ್ತಿ ನಿರ್ಣಯ ಪಾಸು ಮಾಡಿದಳು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಎರಡೂ ಕಡೆಯವರು ಗೊಣಗುತ್ತಾ ಎದ್ದುಹೋದರು. ಮರುದಿನ ಬೇಕರಿಯಲ್ಲಿ ಅರ್ಧಕ್ಕರ್ಧ ಬ್ರೆಡ್ಡು ಉಳಿಯಿತು.

ಸಿಟ್ಟು ನೆತ್ತಿಗೇರಿ ಮಾರ್ವಿನ್‌ನ ಮನೆಗೇ ಹೋದಳು. ಇದಕ್ಕಿಂತ ಇನ್ನೇನು ಮಾಡಬೇಕಿತ್ತು ನಾನು ಎಂದು ಬಾಗಿಲಲ್ಲೇ ಜಗಳ ತೆಗೆದಳು.

ಮಾರ್ವಿನ್ ಸಮಾಧಾನವಾಗಿಯೇ ಹೇಳಿದ: "ನಿನ್ನ ಮತದ ವಿಷ್ಯ ಬಿಡಮ್ಮ. ಆ ಹುಡುಗನ ಹೆಸರೇನು ಅಂತ ಒಂದ್ಸಲನಾದ್ರೂ ಕೇಳ್ದೆಯಾ?"

ಅವಳು ಕೇಳಿರಲಿಲ್ಲ. ಈಗ ಹೇಳು ಎಂದಳು. ಈಗ ಬೇಡ ಎಂದು ಅವನು ಬಾಗಿಲು ಮುಚ್ಚಿದ.

ಅಲ್ಲಿಂದ ನೇರವಾಗಿ ಟಯರ್ ಅಂಗಡಿಗೆ ನಡೆದಳು. ಫೌಜಿ ತಲೆಯೆತ್ತುವ ಮೊದಲೇ, "ನಿಮ್ಮಕ್ಕನ ಹೆಸರೇನಪ್ಪಾ?" ಎಂದು ಕೇಳಿದಳು. ಅವನು ಕೈಯಲ್ಲಿದ್ದ ಚಕ್ರ ಕೆಳಗಿಟ್ಟ. ಹನಾನ್ ಎಂದ. ಆಮೇಲೆ ಅಕ್ಕ ಮಾಡುತ್ತಿದ್ದ ಅಡುಗೆ, ಅವಳ ಬಾಯಿಜೋರು, ಇನ್ನೂ ಸಿಗದ ಅವಳ ಮಗಳು, ಎಲ್ಲ ಹೇಳುತ್ತಾ ಹೋದ. ಕಾದು ಕಾದು ಗಿರಾಕಿಗಳು ಹೊರಟುಹೋದರು. ಒಂದು ವಾರ ಕಳೆದು ಅವನು ಮತ್ತೆ ಬೇಕರಿಗೆ ಬಂದ.

ಮಾರ್ವಿನ್ ಬರಲಿಲ್ಲ. ಹುಡುಗನ ಹೆಸರು ಎಯಾಲ್ ಎಂದು ಅವಳಿಗೆ ಬೇರೆಯವರಿಂದ ತಿಳಿಯಿತು. ಅವನು ಬಿಡುಗಡೆಯಾದ ದಿನ ಯಹೂದಿಗಳ ಪ್ರಾರ್ಥನಾ ಮಂದಿರದಲ್ಲಿ ಊರವರು ಸೇರಿದಾಗ ರೋಸಾನ್ ಹಿಂದಿನ ಸಾಲಿನಲ್ಲಿ ಹೋಗಿ ನಿಂತಳು. ಮಾರ್ವಿನ್ ನೋಡಿದ. ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಪ್ರಾರ್ಥನೆ ಮುಗಿಯುವವರೆಗೂ ಅವಳು ಅಲ್ಲೇ ನಿಂತಿದ್ದಳು.