ಬೆನ್ನು ತಿರುಗಿಸಿ ನಿಂತ ಕಂಡಕ್ಟರ್ ಗುರುಶಾಂತಣ್ಣ

ರಾಷ್ಟ್ರಗೀತೆ ಕಿವಿಗೆ ಬಿದ್ದರೆ ಸಾಕು, ಗುರುಶಾಂತಣ್ಣ ಬಸ್ಸು ನಿಲ್ಲಿಸುತ್ತಿದ್ದ. ಅವನು ಸರ್ಕಾರಿ ಬಸ್ಸಿನ ಕಂಡಕ್ಟರ್. ಶಿಗ್ಗಾಂವಿಯಿಂದ ಸವಣೂರು, ಹತ್ತಿಮತ್ತೂರು ದಾಟಿ ಹಾವೇರಿಗೆ ಹೋಗುವ ಬೆಳಗಿನ ಬಸ್ಸು ಅವನದು. ದಾರಿಯಲ್ಲಿ ಯಾವುದೋ ಶಾಲೆಯ ಮಕ್ಕಳು ಸಾಲಾಗಿ ನಿಂತು ಹಾಡುತ್ತಿದ್ದರೆ ಇವನ ಸೀಟಿ ಪಿರ್ರೆನ್ನುತ್ತಿತ್ತು. ಡ್ರೈವರ್ ಬ್ರೇಕು ಒತ್ತುವಷ್ಟರಲ್ಲಿ ಇವನು ಕೆಳಗಿಳಿದು, ಚರ್ಮದ ಚೀಲವನ್ನು ಬೆನ್ನಿಗೆ ಸರಿಸಿ, ಹಿಮ್ಮಡಿ ಜೋಡಿಸಿ, ಗೂಟ ಬಡಿದ ಹಾಗೆ ನಿಂತಿರುತ್ತಿದ್ದ. ಒಳಗಿನವರು ಗೊಣಗಿದರೆ ಹಾಡು ಮುಗಿಯುವ ತನಕ ತುಟಿ ಬಿಚ್ಚುತ್ತಿರಲಿಲ್ಲ. ಆಮೇಲೆ ಹತ್ತಿ ಬಂದು ಎಲ್ಲರ ಮುಖ ನೋಡಿ ಹೇಳುತ್ತಿದ್ದ: "ಒಂದ ನಿಮಿಷ ತಡಾ ಆದ್ರ ಹಾವೇರಿ ಏನ ಓಡಿ ಹೋಗೂದಿಲ್ಲ. ಅಲ್ಲೇ ಇರ್ತೈತಿ."

ಆಳು ಕುಳ್ಳ, ಎದೆ ಅಗಲ. ಮೀಸೆ ಮಾತ್ರ ಇನ್ನೂ ದೊಡ್ಡ ಮನುಷ್ಯನಿಗೆ ಹೊಲಿಸಿದ್ದು ತಪ್ಪಿ ಇವನಿಗೆ ಬಂದಂತಿತ್ತು. ಹಿರೇಕೆರೂರಿನಲ್ಲಿ ಮನೆ. ಹೆಂಡತಿ ಶಾಂತವ್ವಕ್ಕ ಗಂಡನ ಬಗ್ಗೆ ಒಂದೇ ಮಾತು ಹೇಳುತ್ತಿದ್ದಳು: "ಡೂಟಿ ಒಂದು, ಕಬಡ್ಡಿ ಒಂದು. ನಾ ಮೂರನೇದಾಕಿ." ಸುಳ್ಳಲ್ಲ. ನಾಲ್ಕು ತಾಲೂಕಿನಲ್ಲಿ ಎಲ್ಲಿ ಕಬಡ್ಡಿ ಟೂರ್ನಮೆಂಟು ನಡೆದರೂ ಇವನು ಹಾಜರು. ಒಮ್ಮೆ ಹುಲಗೂರಿನ ಬಯಲಲ್ಲಿ ಆಟ ನಡೆದಾಗ ಇಂಜಿನ್ನಿನ ನೀರು ಕಾದಿದೆ ಎಂಬ ನೆಪ ಹೇಳಿ ಪಕ್ಕದ ರಸ್ತೆಯಲ್ಲೇ ನಿಲ್ಲಿಸಿ ಇಳಿದುಬಿಟ್ಟಿದ್ದ. ಪ್ರಯಾಣಿಕರೂ ಇಳಿದು ನೋಡಿದರು. ಸಂತೆಗೆ ಹೊರಟಿದ್ದ ಮುದುಕಿಯೊಬ್ಬಳು ಬುಟ್ಟಿ ಇಳಿಸಿ ಕೊನೆಯ ತನಕ ನೋಡಿ, "ಇನ್ನಾ ನೀರು ಆರಿಲ್ಲೇನಪಾ?" ಎಂದಾಗ ಇವನಿಗೆ ನಾಚಿಕೆಯಾಗಿ ಸೀಟಿ ಊದಿದ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಾನು ಶಿಗ್ಗಾಂವಿಯ ಟಪಾಲು ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಟೂರ್ನಮೆಂಟುಗಳಲ್ಲಿ ಕರಿಹಲಗೆಯ ಮೇಲೆ ಅಂಕ ಬರೆಯುವುದು ನನ್ನ ಪಾಲಿಗೆ ಬಂದಿತ್ತು. ಗಂಟಲು ದೊಡ್ಡದು, ಹಾಗಾಗಿ ಕೂಗಿ ಹೇಳುವುದೂ ನನ್ನದೇ. ಗುರುಶಾಂತಣ್ಣ ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. "ಏ ಟಪಾಲ, ಎಷ್ಟಾತು?" ಅಷ್ಟೇ.

ನೋಡುಗರನ್ನು ಹಗ್ಗದ ಆಚೆ ನಿಲ್ಲಿಸುತ್ತಿದ್ದರು. ಇವನಿಗೆ ಅದು ಸಾಲುತ್ತಿರಲಿಲ್ಲ. ಆಟಗಾರರ ಬೆವರು ತನಗೆ ಸಿಡಿಯಬೇಕು. ಅದಕ್ಕೇ ನೀರು ಕೊಡುವ ಕೆಲಸ ತಾನೇ ಮೈಮೇಲೆ ಹಾಕಿಕೊಂಡ. ಹಗ್ಗದ ಒಳಗೆ ಒಂದು ಮಣ್ಣಿನ ಹರವಿ, ಒಂದು ತಂಬಿಗೆ, ಒಂದು ಹಿತ್ತಾಳೆ ಗ್ಲಾಸು. ಆಟ ನಿಂತೊಡನೆ ಓಡಿ ಹೋಗಿ ಗ್ಲಾಸಿನಲ್ಲಿ ಕೊಡಬೇಕಾದವರಿಗೆ ಗ್ಲಾಸಿನಲ್ಲಿ ಕೊಡುತ್ತಿದ್ದ, ಬೊಗಸೆಗೆ ಸುರಿಯಬೇಕಾದವರಿಗೆ ಬೊಗಸೆಗೆ ಸುರಿಯುತ್ತಿದ್ದ. ಯಾರಿಗೆ ಯಾವುದು ಎಂದು ಯಾರೂ ಅವನಿಗೆ ಕಲಿಸಿರಲಿಲ್ಲ. ನಮಗೂ ಕಲಿಸಿರಲಿಲ್ಲ. ಕಲಿಸದೆಯೇ ಎಲ್ಲರಿಗೂ ಬಾಯಿಪಾಠವಾಗಿತ್ತು.

ಬೊಗಸೆ ಒಡ್ಡುವವರಲ್ಲಿ ದುರಗಪ್ಪನೂ ಒಬ್ಬ. ಹತ್ತಿಮತ್ತೂರಿನ ಕೇರಿಯ ಹುಡುಗ, ಇಪ್ಪತ್ತೆರಡರ ಪ್ರಾಯ, ಕೂಲಿಗೆ ಹೋಗುತ್ತಿದ್ದ. ದಾಳಿಗೆ ಇಳಿದರೆ ಏಳು ಮಂದಿಯ ನಡುವಿನಿಂದ ಜಾರಿ ಬರುತ್ತಿದ್ದ. ಅವನೆಂದರೆ ಗುರುಶಾಂತಣ್ಣನಿಗೆ ಜೀವ. ಅವನ ಆಟವಿದ್ದ ದಿನ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡು, ಮರುದಿನ ಬಸ್ಸಿನಲ್ಲಿ ಟಿಕೀಟು ಕೇಳಲಾಗದೆ ಕೈಸನ್ನೆ ಮಾಡುತ್ತಿದ್ದ. ಜನ ಅವನನ್ನು "ದುರಗ್ಯಾ" ಎಂದರೆ ಇವನು ತಿದ್ದುತ್ತಿದ್ದ: "ದುರಗಪ್ಪ ಅನ್ರಿ. ಅಂಥಾ ಕಾಲು ನಿಮ್ಮ ವಂಶದಾಗ ಯಾರಿಗರೆ ಅದಾವೇನು?" ಇಷ್ಟೆಲ್ಲ ಹೇಳಿದ ಬಾಯಿ ನೀರಿನ ವಿಷಯಕ್ಕೆ ಬಂದಾಗ ಸುಮ್ಮನಿರುತ್ತಿತ್ತು. ಇದನ್ನು ಈಗ ಹೇಳುತ್ತಿದ್ದೇನೆ. ಆಗ ನನ್ನ ಕಣ್ಣಿಗೂ ಬಿದ್ದಿರಲಿಲ್ಲ.

ಶಿಗ್ಗಾಂವಿಯಲ್ಲಿ ಒಂದು ಜನವರಿ ಇಪ್ಪತ್ತಾರು. ಬೆಳಗ್ಗೆ ಸೆಮಿಫೈನಲ್, ಸಂಜೆ ನಮ್ಮೂರ ತಂಡಕ್ಕೂ ಹತ್ತಿಮತ್ತೂರಿಗೂ ಫೈನಲ್. ಬೆಳಗಿನ ಆಟದಲ್ಲಿ ದುರಗಪ್ಪನ ಎಡಗೈ ಉಳುಕಿ ಬದನೆಕಾಯಿಯ ಹಾಗೆ ಬಾತಿತ್ತು. ಫೈನಲ್ಲಿನ ನಡುವೆ ನೀರಿಗೆ ಬಂದವನು ಮೆಲ್ಲಗೆ ಕೇಳಿದ:

"ಅಣ್ಣಾರ, ಕೈ ಬಾತೈತ್ರಿ. ಬೊಗಸಿ ಕೂಡವಲ್ದು. ಗಿಲಾಸ ಕೊಡ್ರಿ."

ಕರಿಹಲಗೆ ಹರವಿಯ ಪಕ್ಕದಲ್ಲೇ ಇತ್ತು, ನಾನು ಕೇಳಿದೆ. ಗುರುಶಾಂತಣ್ಣನ ಮುಖದಲ್ಲಿ ಕನಿಕರವೇ ಇತ್ತು. "ಅಯ್ಯ ತಮ್ಮಾ, ಒಂದ ಕೈ ಒಡ್ಡು, ನಾ ಸಣ್ಣಗ ಸುರೀತೇನಿ," ಎಂದ. ಸುರಿದ. ಬಹಳ ಜತನದಿಂದ ಸುರಿದ. ಮುಕ್ಕಾಲು ನೀರು ಮೊಣಕೈಗುಂಟ ಇಳಿದು ಮಣ್ಣಿಗೆ ಹೋಯಿತು. ದುರಗಪ್ಪ ಒದ್ದೆ ಕೈಯನ್ನು ಚಡ್ಡಿಗೆ ಒರೆಸಿಕೊಂಡು ಅಂಗಳಕ್ಕೆ ಹೋದ. ಒಂದೇ ಕೈಯಲ್ಲಿ ಆಡಿದ, ನಮ್ಮೂರ ತಂಡವನ್ನು ಮೂರು ಅಂಕದಿಂದ ಸೋಲಿಸಿದ.

ಆಮೇಲೆ ಅತಿಥಿಗಳ ಭಾಷಣ. ಈ ದೇಶದಲ್ಲಿ ಮೇಲು ಕೀಳು ಯಾರೂ ಇಲ್ಲವೆಂದು ಅವರು ಹೇಳಿದರು, ನಾವು ಚಪ್ಪಾಳೆ ತಟ್ಟಿದೆವು. ಎರಡೂ ತಂಡಗಳನ್ನು ಸಾಲಾಗಿ ನಿಲ್ಲಿಸಿ ಶಾಲೆಯ ಹುಡುಗಿಯರಿಂದ ರಾಷ್ಟ್ರಗೀತೆ ಶುರುಮಾಡಿಸಿದರು. ಮೊದಲ ಸಾಲು ಮುಗಿಯುವಷ್ಟರಲ್ಲಿ ದುರಗಪ್ಪ ಅಂಗಳದ ನಡುಗೆರೆಯ ಮೇಲೆ ಕುಳಿತ. ಬಿದ್ದದ್ದಲ್ಲ, ತಲೆ ಸುತ್ತಿದ್ದಲ್ಲ. ಚಕ್ಕಳಮಕ್ಕಳ ಹಾಕಿ, ಬೆನ್ನು ನೆಟ್ಟಗೆ ಮಾಡಿ ಕುಳಿತ.

ಸಾವಿರ ಜನ ಅಲುಗಾಡದೆ ನಿಂತು ಬುಸುಗುಟ್ಟಿದರು. ಗುರುಶಾಂತಣ್ಣನ ಮುಖ ಕೆಂಪೇರಿತು, ಮೀಸೆ ನಡುಗುತ್ತಿತ್ತು, ಆದರೂ ಹಿಮ್ಮಡಿ ಬಿಡಲಿಲ್ಲ. ಹಾಡಿನ ಕೊನೆಯ ದನಿ ನಿಂತದ್ದೇ ತಡ, ಗುಂಪಿನಲ್ಲಿ ಒಬ್ಬ "ಎಬ್ಬಸ್ರಿ ಅವನ್ನ! ಕಾಲ ಮುರೀರಿ!" ಎಂದು ಕೂಗಿದ. ಜನ ಹಗ್ಗ ಹಾರಿದರು. ಕೂಗಿದವನು ನಾನು. ದೇಶದ ಮೇಲಿನ ಪ್ರೀತಿ ಎಷ್ಟಿತ್ತೋ, ನಮ್ಮೂರು ಸೋತ ಉರಿ ಎಷ್ಟಿತ್ತೋ, ಈ ತನಕ ತೂಗಿ ನೋಡಲು ನನಗೆ ಧೈರ್ಯವಾಗಿಲ್ಲ.

ಎಲ್ಲರಿಗಿಂತ ಮೊದಲು ಅವನ ಬಳಿ ತಲುಪಿದವನು ಗುರುಶಾಂತಣ್ಣ. ಕೊರಳಪಟ್ಟಿ ಹಿಡಿದ. "ಯಾಕಲೇ ಕುಂತಿ? ನಿನ್ನ ಸಲುವಾಗಿ ಗಂಟಲಾ ಹರಕೊಂಡೇನಿ ನಾನು. ಯಾಕ ಕುಂತಿ ಹೇಳು!"

ದುರಗಪ್ಪ ಬಾತ ಕೈಯನ್ನು ತೊಡೆಯ ಮೇಲಿಟ್ಟುಕೊಂಡೇ ಹೇಳಿದ: "ನಿಮ್ಮನ್ನ ಗಿಲಾಸ ಕೇಳಿದ್ನೆಲ್ರಿ ಅಣ್ಣಾರ. ನೀವ ಕೊಡ್ಲಿಲ್ಲ. ಬ್ಯಾರೇದವ್ರು ಕೊಡದಿದ್ರ ನನಗ ಏನೂ ಅನಸ್ತಿರಲಿಲ್ಲ."

ಕೊರಳಪಟ್ಟಿ ಹಿಡಿದಿದ್ದ ಕೈ ಸಡಿಲಾಯಿತು. ಗುರುಶಾಂತಣ್ಣ ತನ್ನ ಅಂಗೈಯನ್ನು ತಿರುಗಿಸಿ ನೋಡಿಕೊಂಡದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ.

ಕಮಿಟಿಯ ಅಧ್ಯಕ್ಷರು ಮೈಕಿನಲ್ಲಿ ತೀರ್ಪು ಕೊಟ್ಟರು: ದುರಗಪ್ಪ ಎಲ್ಲರೆದುರು ಕಿವಿ ಹಿಡಿದು ತಪ್ಪಾಯಿತು ಎನ್ನಬೇಕು, ಇಲ್ಲದಿದ್ದರೆ ಶೀಲ್ಡು ನಮ್ಮೂರ ತಂಡಕ್ಕೆ, ಅವನು ಇನ್ನು ಈ ಅಂಗಳಕ್ಕೆ ಕಾಲಿಡುವಂತಿಲ್ಲ. ರಾಷ್ಟ್ರಗೀತೆಯ ವಿಷಯದಲ್ಲಿ ಗುರುಶಾಂತಣ್ಣನ ಮಾತೇ ಮಾತು ಎಂದು ಅವನ ಕೈಗೂ ಮೈಕು ಕೊಟ್ಟರು. ಅವನು ಅದನ್ನು ತಿರುವಿ ಮುರುವಿ ನೋಡಿ ಹೇಳಿದ:

"ತಪ್ಪು ಅವಂದಲ್ರಿ, ನಂದು. ಕಿವಿ ಹಿಡಿಯೂದಿದ್ರ ನಾ ಹಿಡೀತೇನಿ." ಹಿಡಿದ. ಅಷ್ಟು ಜನರೆದುರು, ಖಾಕಿ ಅಂಗಿಯಲ್ಲಿ. "ಅವನ ಬಾತ ಕೈಗೆ ಸಣ್ಣಗ ನೀರು ಸುರಿದು, ನಾ ಭಾಳ ಒಳ್ಳೇಂವ ಅನಕೊಂಡಿದ್ನಿ. ನನ್ನಂಥಾ ಕತ್ತೆ ಈ ನಾಕ ತಾಲೂಕಿನಾಗ ಇಲ್ಲ."

ಮೈಕು ಕಸಿದುಕೊಂಡರು. ಅವನು ಹರವಿಯ ಬಳಿಗೆ ಹೋಗಿ ಗ್ಲಾಸು ತುಂಬಿ ದುರಗಪ್ಪನಿಗೆ ಒಡ್ಡಿದ. ದುರಗಪ್ಪ ಕೈ ಮುಂದೆ ಮಾಡಲಿಲ್ಲ. "ಈಗ ನೀರಡಿಕಿ ಇಲ್ರಿ," ಎಂದು ಎದ್ದು ನಡೆದ. ಕಿವಿ ಹಿಡಿಯಲಿಲ್ಲ. ಶೀಲ್ಡು ನಮ್ಮೂರಿಗೆ ಬಂತು.

ಮರುದಿನ ಚಹಾದ ಅಂಗಡಿಗಳಲ್ಲಿ ಎಲ್ಲರೂ ದೇಶಭಕ್ತರೇ. ಆಟವೇ ಬೇರೆ, ಊರ ರೀತಿಯೇ ಬೇರೆ, ಎರಡನ್ನೂ ಕಲೆಸಬಾರದು ಎಂದವರೊಬ್ಬರು. ನೀರಿನ ಸಿಟ್ಟನ್ನು ನೀರಿನ ಮೇಲೆ ತೀರಿಸಲಿ, ಹಾಡು ಏನು ಮಾಡಿತ್ತು ಎಂದವರೊಬ್ಬರು. ಕಂಡಕ್ಟರನಿಗೆ ತಲೆ ಕೆಟ್ಟಿದೆ ಎಂಬುದರಲ್ಲಿ ಮಾತ್ರ ಎಲ್ಲರೂ ಒಂದೇ. ನಾನೂ ಹೂಂಗುಟ್ಟಿದೆ.

ಅಂದಿನಿಂದ ಗುರುಶಾಂತಣ್ಣ ಹೊಸ ಪಟ್ಟು ಹಿಡಿದ. ಯಾವ ಟೂರ್ನಮೆಂಟಿಗೆ ಹೋದರೂ ಮೊದಲು ಹರವಿಯ ಬಳಿಗೆ ಹೋಗಿ ಕೇಳುವುದು: "ಗಿಲಾಸ ಎಲ್ಲಾರಿಗೂ ಒಂದಽ ಏನ್ರಿ?" ಹೌದು ಎಂಬ ಉತ್ತರ ಬಾರದಿದ್ದರೆ ಹಗ್ಗಕ್ಕೆ ಅಂಟಿಕೊಂಡು, ಮುಂದಿನ ಸಾಲಿನಲ್ಲೇ, ಆಟಕ್ಕೆ ಬೆನ್ನು ಮಾಡಿ ನಿಲ್ಲುವುದು. ಸವಣೂರಿನಲ್ಲಿ ನಿಂತ, ಹಿರೇಕೆರೂರಿನಲ್ಲಿ ನಿಂತ, ಹುಲಗೂರಿನಲ್ಲಿ ನಿಂತ. ಆಟ ನೋಡಲು ಬಂದವರು ಅವನ ಮೀಸೆ ನೋಡಬೇಕು. ಹುಡುಗರು ಶೇಂಗಾ ಸಿಪ್ಪೆ ಎಸೆದರು. ದೊಡ್ಡವರೊಬ್ಬರು "ಆಟಾ ನೋಡದಿದ್ರ ಮನೀಗೆ ಹೋಗಪಾ" ಎಂದರೆ, "ಮನ್ಯಾಗ ಬೆನ್ನು ಮಾಡಿದ್ರ ನಿಮಗ ಕಾಣೂದಿಲ್ಲಲ್ರಿ" ಎಂದ. ಬೆನ್ನ ಹಿಂದೆ ಯಾರೋ ದಾಳಿಗೆ ಹೋದಾಗ ಅವನ ಭುಜಗಳು ತಾವೇ ಕುಣಿಯುತ್ತಿದ್ದವು, ಆದರೆ ಕತ್ತು ತಿರುಗಲಿಲ್ಲ. ಕಬಡ್ಡಿಯ ಹುಚ್ಚನಿಗೆ ಇದಕ್ಕಿಂತ ದೊಡ್ಡ ಉಪವಾಸ ಯಾವುದಿದ್ದೀತು! ಸವಣೂರಿನಲ್ಲಿ ಒಮ್ಮೆ ತುಟಿ ಅಲುಗಿಸದೆ ಕೇಳಿದ್ದ: "ಟಪಾಲ, ಎಷ್ಟಾತು?" ಕೇಳಬಾರದಿತ್ತು ಎನ್ನಿಸಿತೇನೋ, ಕೂಡಲೇ, "ಬ್ಯಾಡ, ಹೇಳಬ್ಯಾಡ," ಎಂದ. ನಾನು ಹೇಳಲಿಲ್ಲ. ಮುಂದಿನ ಅಂಕಗಳನ್ನು ಮಾತ್ರ ಅವನಿಗೆ ಕೇಳುವಷ್ಟು ಜೋರಾಗಿ ಕೂಗಿದೆ. ಅಷ್ಟೇ ನನ್ನ ಪೌರುಷ.

ಎರಡು ವರ್ಷದ ಮೇಲೆ ಹಾನಗಲ್ಲಿನ ಹುಡುಗರ ಕಮಿಟಿಯೊಂದು ಗಟ್ಟಿ ಮನಸ್ಸು ಮಾಡಿತು. ಒಂದು ಹರವಿ, ಎಲ್ಲರಿಗೂ ಒಂದೇ ಗ್ಲಾಸು. ದುರಗಪ್ಪನನ್ನೂ ಕರೆಸಿದರು. ಗುರುಶಾಂತಣ್ಣ ರಜೆ ಹಾಕಿ ಬಂದು, ಆಟಕ್ಕೆ ಮುಖ ಮಾಡಿ ನಿಂತು, ಮಗುವಿನ ಹಾಗೆ ಅತ್ತುಬಿಟ್ಟ. ದುರಗಪ್ಪ ಗ್ಲಾಸಿನಲ್ಲಿ ನೀರು ಕುಡಿದ, ಗೆದ್ದ. ಕೊನೆಗೆ ರಾಷ್ಟ್ರಗೀತೆ ಶುರುವಾದಾಗ ಅಷ್ಟೂ ಜನರ ಕಣ್ಣು ಅವನ ಕಾಲ ಮೇಲೆ. ಅವನು ಮತ್ತೆ ಕುಳಿತ.

ಗುರುಶಾಂತಣ್ಣ ಹಗ್ಗ ದಾಟಿ ಹೋಗಿ ಅವನ ಪಕ್ಕದಲ್ಲಿ ಹಿಮ್ಮಡಿ ಜೋಡಿಸಿ ನಿಂತ. ಒಬ್ಬ ಕುಳಿತೇ ಇದ್ದ, ಒಬ್ಬ ನಿಂತೇ ಇದ್ದ, ಹಾಡು ಮುಗಿಯುವ ತನಕ ಯಾರೂ ಹತ್ತಿರ ಬರಲಿಲ್ಲ. ಆಮೇಲೆ ಕಮಿಟಿಯ ಹುಡುಗರು ಮುಖ ಸಣ್ಣ ಮಾಡಿಕೊಂಡು ಬಂದರು. "ಅಣ್ಣಾರ, ಊರ ಮಂದಿ ಕೂಡ ಜಗಳಾಡಿ ಒಂದ ಗಿಲಾಸ ಇಟ್ಟೇವಿ. ಮತ್ತೂ ಕುಂತನಲ್ರಿ?"

"ಅಂವಾ ನಿಂದರ್ಲಿ ಅಂತ ನೀರು ಕೊಟ್ರೇನು?" ಗುರುಶಾಂತಣ್ಣನ ದನಿ ಏರಿತು. "ನೀರಡಿಕಿ ಆಗಿತ್ತು, ಕೊಟ್ರಿ. ಅದಕ್ಕ ಬಾಡಿಗಿ ಕೇಳಬ್ಯಾಡ್ರಿ. ಊರ ಚಾದಂಗಡ್ಯಾಗ ಇವತ್ತಿಗೂ ಅವನ್ನ ಹೊರಗ ನಿಂದ್ರಸ್ತಾರ. ಅಲ್ಲಿ ನಿಂತಾನ, ಇಲ್ಲಿ ಕುಂತಾನ. ನಾ ಸಾಯೂತನಾ ನಿಂದರ್ತೇನಿ, ಅದು ನಂದು. ಅಂವಾ ಕುಂಡರ್ತಾನ, ಅದು ಅವಂದು. ಮುಟ್ಟಾಕ ಬಂದವ್ರು ಮೊದ್ಲ ನನ್ನ ಮುಟ್ರಿ."

ಯಾರೂ ಮುಟ್ಟಲಿಲ್ಲ. ನಾನು ಸೀಮೆಸುಣ್ಣ ಹಿಡಿದುಕೊಂಡು ನಿಂತೇ ಇದ್ದೆ. ನನಗೆ ಅಂದು ಗುರುಶಾಂತಣ್ಣನ ಮೇಲೆ ಹೊಟ್ಟೆಕಿಚ್ಚಾಯಿತು. ಅಷ್ಟು ದೊಡ್ಡವನಾಗಲು ಅವನು ಮಾಡಿದ್ದು ತನ್ನ ತಪ್ಪನ್ನು ತನ್ನದೆಂದು ಹೇಳಿದ್ದು, ಅಷ್ಟೇ. ನನ್ನ ಬಳಿಯೂ ಒಂದು ತಪ್ಪಿತ್ತು, ಬಾಯಿ ಬಂದಿರಲಿಲ್ಲ.

ಬಾಯಿ ಬಂದದ್ದು ಐದಾರು ವರ್ಷ ಕಳೆದ ಮೇಲೆ. ಗುರುಶಾಂತಣ್ಣನಿಗೆ ಕಾಮಾಲೆ ಎಂದು ಕೇಳಿ ಹಿರೇಕೆರೂರಿಗೆ ಹೋದೆ. ಹೊರಸಿನ ಮೇಲೆ ಮಲಗಿದ್ದ. ಮೀಸೆ ಒಂದೇ ಮೊದಲಿನಂತಿತ್ತು. ಶಾಂತವ್ವಕ್ಕ ಮಜ್ಜಿಗೆ ಕೊಟ್ಟು ಒಳಗೆ ಹೋದಳು. ನಾನು ಎಲ್ಲ ಹೇಳಿಬಿಟ್ಟೆ. ಅಂದು ಎಬ್ಬಿಸಿರಿ, ಕಾಲು ಮುರಿಯಿರಿ ಎಂದು ಮೊದಲು ಕೂಗಿದವನು ನಾನು, ಗ್ಲಾಸು ಕೇಳಿದ್ದು ನನ್ನ ಕಿವಿಗೆ ಬಿದ್ದಿತ್ತು, ಆದರೂ ಕೂಗಿದೆ ಎಂದೆ. ಅವನು ಸಮಾಧಾನ ಹೇಳಿಯಾನೆಂದು ಕಾದೆ.

"ಇದನ್ನ ನನ್ನ ಮುಂದ ಯಾಕ ಹೇಳ್ತಿ?" ಎಂದ. "ಟಪಾಲ ಕಚೇರ್ಯಾಗ ಇದ್ದೂ ವಿಳಾಸ ತಪ್ಪತಿಯಲ್ಲೋ. ಹತ್ತೂವರಿಗೆ ಹಾವೇರಿ ಬಸ್ ಐತಿ, ಅಲ್ಲಿಂದ ಹತ್ತಿಮತ್ತೂರಿಗೆ ಬ್ಯಾರೆ ಹಿಡಿ. ಏಳು."

ಮಜ್ಜಿಗೆ ಪೂರ್ತಿ ಕುಡಿಯಲೂ ಬಿಡಲಿಲ್ಲ. ಅದೇ ಕೊನೆಯ ಭೇಟಿ. ಆ ಮಳೆಗಾಲ ಮುಗಿಯುವ ಮೊದಲು ಅವನು ಹೋದ. ಇವತ್ತಿಗೂ ಯಾವನಾದರೂ ಆಟಗಾರ ಹಾಡಿನ ಹೊತ್ತಿಗೆ ನಿಲ್ಲಲಿಲ್ಲವೆಂದು ಜನ ಹಾರಾಡುವಾಗ, ಅವನು ಕುಳಿತದ್ದು ಯಾಕೆಂದು ಮೊದಲು ಕೇಳುವ ಆ ಕುಳ್ಳ ಆಳು ನಮ್ಮ ಕಡೆ ಇಲ್ಲವಲ್ಲ ಎಂದು ನನಗೆ ಸಿಟ್ಟು ಬರುತ್ತದೆ.

ಅವನು ಎಬ್ಬಿಸಿ ಕಳಿಸಿದ ಆ ದಿನ ಎರಡು ಬಸ್ಸು ಹಿಡಿದು ಹತ್ತಿಮತ್ತೂರಿಗೆ ಹೋದೆ. ದುರಗಪ್ಪ ಮನೆಯ ಮುಂದೆ ಹಗ್ಗ ಹೊಸೆಯುತ್ತಿದ್ದ. ಮೊಣಕಾಲು ಕೆಟ್ಟು ಆಟ ಬಿಟ್ಟಿದ್ದ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತನ್ನು ನಾನು ತಡವರಿಸುತ್ತ ಹೇಳಿ ಮುಗಿಸಿದೆ. ಅವನು ಹೊಸೆಯುವುದನ್ನು ನಿಲ್ಲಿಸಲಿಲ್ಲ.

"ಗೊತ್ತೈತ್ರಿ," ಎಂದ. "ಅಷ್ಟು ವರ್ಷ ನನ್ನ ಅಂಕ ಕೂಗಿದ ದನಿ ಅದು. ನನಗ ಗುರ್ತು ಸಿಗೂದಿಲ್ಲೇನ್ರಿ?"