ಬಾಣಂತಿಯ ಬಚ್ಚಲು

ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ ಜನ ನನ್ನನ್ನು ಪುಕ್ಕಟೆ ಲಾಯರಮ್ಮ ಎಂದೇ ಕರೆಯುತ್ತಿದ್ದರು. ರಾಜಾಜಿನಗರದ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಆಫೀಸು. ಭಾನುವಾರ ಅಲ್ಲಿ ಯಾರಿಗೂ ಫೀಸಿಲ್ಲ. ಪುಕ್ಕಟೆ ಲಾಯರಮ್ಮನ ಮಾತಿಗೂ ಬೆಲೆಯಿಲ್ಲ ಎಂಬುದನ್ನು ಬಂದವರೇ ನನಗೆ ಕಲಿಸಿದರು. ನನಗೋ ಮೂಗಿನ ತುದಿಯಲ್ಲೇ ಕೋಪ. ಬೈದರೆ ನಗುತ್ತಿದ್ದರು.

ಲಗ್ಗೆರೆಯ ದೊಡ್ಡ ಮೋರಿಯ ಪಕ್ಕ ಒಂದು ಸಾಲು ತಗಡಿನ ಮನೆಗಳಿದ್ದವು. ರಾಯಚೂರು ಕಡೆಯಿಂದ ಗಾರೆ ಕೆಲಸಕ್ಕೆ ಬಂದವರು ಅಲ್ಲಿದ್ದರು. ಊರಿಗೆಲ್ಲ ಮನೆ ಕಟ್ಟಿಕೊಟ್ಟು ತಾವು ತಗಡಿನಡಿ ಬೇಯುವ ಜನ. ಜಾಗ ತನ್ನದೆಂದು ಒಬ್ಬ ಬಿಲ್ಡರ್ ಬಂದ. ನಾನು ಕೋರ್ಟಿಗೆ ಹೋದೆ. ಕೇಸು ಮುಗಿಯುವ ತನಕ ಜಾಗ ಇದ್ದ ಹಾಗೇ ಇರಬೇಕು, ಎರಡೂ ಕಡೆಯವರು ಏನನ್ನೂ ಕೆಡವಬಾರದು, ಕಟ್ಟಲೂಬಾರದು ಎಂದು ನ್ಯಾಯಾಧೀಶರು ಆದೇಶ ಕೊಟ್ಟರು.

ಅಂದೇ ಸಂಜೆ ಹೋಗಿ ಎಲ್ಲರನ್ನೂ ಕೂರಿಸಿ ಹೇಳಿದೆ. "ನೋಡಿ, ಒಂದು ಇಟ್ಟಿಗೆ ಹೊಸದಾಗಿ ಇಟ್ರೂ ಆರ್ಡರ್ ಹೋಗುತ್ತೆ, ಅದರ ಹಿಂದೆ ಮನೆನೂ ಹೋಗುತ್ತೆ. ಅರ್ಥ ಆಯ್ತಾ?"

"ಆತ್ರಿ ಅಕ್ಕಾರ, ಚಾ ಕುಡೀರಿ," ಎಂದಳು ಕೊನೆಯ ಮನೆಯವಳು. ಸಾಲಿಗೆಲ್ಲ ಅವಳೇ ಹಿರಿಯಳು. ಅವಳ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು, ದಿನ ತುಂಬಿತ್ತು.

ಮುಂದಿನ ವಿಚಾರಣೆಯಲ್ಲಿ ಬಿಲ್ಡರನ ವಕೀಲ ನಗುತ್ತ ಒಂದು ಫೋಟೋ ಮುಂದಿಟ್ಟ. ಕೊನೆಯ ಮನೆಗೆ ಅಂಟಿಕೊಂಡು ಹೊಸ ಇಟ್ಟಿಗೆಯ ಬಚ್ಚಲುಮನೆ. ಅದಕ್ಕೆ ಪ್ಲಾಸ್ಟರ್ ಬೇರೆ, ಬಾಗಿಲಿಗೆ ಅರಿಶಿನ ಕುಂಕುಮ ಬೇರೆ. "ಏನಮ್ಮ ಇದು?" ಎಂದರು ನ್ಯಾಯಾಧೀಶರು. ನನ್ನ ಕರ್ಮ. ಬಾಯಿಗಿಟ್ಟ ತುತ್ತು ಜಾರಿ ಬಿತ್ತು. ಆದೇಶ ಅಲ್ಲೇ ರದ್ದಾಯಿತು.

ಕೋರ್ಟಿನಿಂದ ನೇರ ಲಗ್ಗೆರೆಗೆ ಹೋಗಿ ಕೊನೆಯ ಮನೆಯವಳ ಮೇಲೆ ಹರಿಹಾಯ್ದೆ. "ಬುದ್ಧಿ ಇದ್ಯೇನ್ರೀ ನಿಮಗೆ? ಅಷ್ಟು ಬಡ್ಕೊಂಡೆ!"

"ಗೊತ್ತಿತ್ರಿ," ಎಂದಳು ಅವಳು. "ಹಸಿ ಬಾಣಂತಿಗೆ ದಿನಾ ಸುಡುಸುಡು ನೀರ ಎರೀಬೇಕು. ಗಾಳಿ ತಾಕಿದ್ರ ಸನ್ನಿ ಹಿಡೀತದ. ಬಯಲಾಗ ಸೀರಿ ಕಟ್ಟಿ ಹ್ಯಾಂಗ ಎರೀಲಿ? ನಮ್ಮ ಹಿರಿ ಮಗಳು ಹಂಗ ಹೋದ್ಲು."

ಹಿರಿಯ ಮಗಳ ವಿಷಯ ನನಗೆ ಗೊತ್ತಿರಲಿಲ್ಲ. ಸುತ್ತ ನಿಂತವರ ಮುಖ ನೋಡಿದೆ. ಒಬ್ಬರಿಗೂ ಅವಳ ಮೇಲೆ ಸಿಟ್ಟಿರಲಿಲ್ಲ. ತಮ್ಮ ತಮ್ಮ ಕೆಲಸದ ಜಾಗದಲ್ಲಿ ಉಳಿದ ಇಟ್ಟಿಗೆ, ಸಿಮೆಂಟು ತಂದು ಸಾಲಿಗೆ ಸಾಲೇ ಸೇರಿ ಕಟ್ಟಿದ ಬಚ್ಚಲು ಅದು. ನನ್ನ ಸಿಟ್ಟು ಮಾತ್ರ ಇಳಿಯಲಿಲ್ಲ. ಅದನ್ನು ಯಾರ ಮೇಲೆ ಹಾಕಬೇಕೋ ತಿಳಿಯಲಿಲ್ಲ.

ಹೈಕೋರ್ಟಿಗೆ ಓಡಿದೆ. ಅಲ್ಲಿ ನಮ್ಮ ಕೇಸು ಕೂಗುವ ಮೊದಲೇ ಇಲ್ಲಿ ಬುಲ್ಡೋಜರ್ ಬಂತು. ಸುದ್ದಿ ತಿಳಿದು ನಾನು ತಲುಪುವಷ್ಟರಲ್ಲಿ ತಗಡಿನ ಮನೆಗಳೆಲ್ಲ ಮಲಗಿದ್ದವು. ಬಚ್ಚಲು ಮಾತ್ರ ನಿಂತಿತ್ತು, ಒಳಗಿನಿಂದ ಹೊಗೆ, ನೀರೆರೆಯುವ ಸದ್ದು. ಡ್ರೈವರಿಗೆ ಅಡ್ಡ ನಿಂತೆ.

"ಆರ್ಡರ್ ಇದ್ಯಾ ಮೇಡಂ?" ಎಂದ.

"ಇಲ್ಲಪ್ಪ. ಒಳಗೆ ಬಾಣಂತಿ ಇದಾಳೆ. ಸ್ನಾನ ಮುಗೀಲಿ."

ಅವನು ಎಂಜಿನ್ ಆಫ್ ಮಾಡಿ ಮುಖ ಆ ಕಡೆ ತಿರುಗಿಸಿ ಕೂತ. ಇಡೀ ಕೇಸಿನಲ್ಲಿ ನನ್ನಿಂದಾದದ್ದು ಅಷ್ಟೇ.

ತಾಯಿ ಆತುರಪಡಲಿಲ್ಲ. ಹಂಡೆ ಖಾಲಿಯಾದ ಮೇಲೆ ಮಗಳನ್ನು ಕಂಬಳಿಯಲ್ಲಿ ಸುತ್ತಿಕೊಂಡು ಹೊರಗೆ ಬಂದಳು. "ಆತು ತಮ್ಮಾ, ಕೆಡವು," ಎಂದಳು. ತಗಡಿನ ಮನೆಗಳು ಒಂದೇ ನೂಕಿಗೆ ಬಿದ್ದಿದ್ದವಂತೆ. ಗಾರೆಯವರು ತಮಗಾಗಿ ಕಟ್ಟಿಕೊಂಡ ಆ ಗೋಡೆ ಬೇಗ ಬೀಳಲಿಲ್ಲ.

"ನಮ್ಮನೆಗೆ ಬನ್ನಿ," ಎಂದೆ.

"ಹೋದ್ರ ಎಲ್ರೂ ಕೂಡಿ ಹೋಗೂದ್ರಿ. ನಿಮ್ಮನ್ಯಾಗ ಹಿಡಿಸ್ತೇವೇನ್ರಿ?" ಎಂದಳು.

ಬ್ಯಾಡರಹಳ್ಳಿಯಲ್ಲಿ ಯಾರದೋ ಹೊಸ ಮನೆಗಳ ಗಾರೆ ಕೆಲಸವಿತ್ತು. ಎಲ್ಲರೂ ಅಲ್ಲಿಗೇ ಹೊರಟರು. ತೆರೆದ ಟೆಂಪೋದಲ್ಲಿ, ತಗಡುಗಳ ಮೇಲೆ, ಬಾಣಂತಿ ಮಗುವನ್ನು ಅವಚಿಕೊಂಡು ಕೂತಿದ್ದಳು. ಕಂಬಳಿ ಜಾರಿತ್ತು. ತಲೆಗೂದಲು ಇನ್ನೂ ಒದ್ದೆಯಿತ್ತು. ಟೆಂಪೋ ಹೊರಟಂತೆ ಅದು ಗಾಳಿಗೆ ಹಾರತೊಡಗಿತು.