ಚರಗದ ಬುಟ್ಟಿ ಹೊತ್ತವಳ ಹಕ್ಕು

ನಾನು ಮಾರುತಿಯನ್ನು ಹೆಸರು ಹಿಡಿದೇ ಕರೆಯುತ್ತೇನೆ. ಹುಮನಾಬಾದಿನ ನಮ್ಮ ಓಣಿಯಲ್ಲಿ ನನ್ನ ವಯಸ್ಸಿನ ಬೇರೆ ಹೆಂಗಸರಿಗೆ ಈ ಸುಖವಿಲ್ಲ. ಅವರು "ಏನ್ರಿ, ಕೇಳಸ್ತೇನು" ಎಂದು ಗಾಳಿಗೆ ಕೂಗಬೇಕು. ನನಗಿದೆ, ಯಾಕೆಂದರೆ ಅವನು ನನ್ನ ಗಂಡನಲ್ಲ. ನನ್ನ ಗಂಡ ಸತ್ತಿದ್ದ, ಮಾರುತಿಯ ಹೆಂಡತಿ ಸತ್ತಿದ್ದಳು, ಜಾತಿ ಬೇರೆ ಬೇರೆ. ಮದುವೆ ಮಾಡಿಸಲು ಯಾರೂ ಬರಲಿಲ್ಲ, ಬಿಡಿಸಲೂ ಯಾರೂ ಬರಲಿಲ್ಲ. ನನ್ನೂರು ಮಂಠಾಳದಿಂದ ನನ್ನ ಎಮ್ಮೆ ಹೊಡೆದುಕೊಂಡು ಬಂದು ಅವನ ಅಂಗಳದಲ್ಲಿ ಕಟ್ಟಿದೆ. ಆ ಎಮ್ಮೆ ಸತ್ತು ಅದರ ಮೊಮ್ಮಗಳು ಈಗ ಹಾಲು ಕೊಡುತ್ತಿದೆ. ಅಷ್ಟು ಕಾಲವಾಯಿತು.

ಇಷ್ಟು ದಿನ ಕಾಯಿದೆಯ ವಿಚಾರ ತಲೆಗೆ ಬಂದಿರಲಿಲ್ಲ. ಈ ವರ್ಷ ಮಾರುತಿ ಎದೆನೋವೆಂದು ಆಸ್ಪತ್ರೆ ಸೇರಿದಾಗ ಅವನ ಅಣ್ಣನ ಮಗ ಶರಣು ಟೇಪು ಹಿಡಿದು ಬಂದು ಅಂಗಳ ಅಳೆದ. ಮುಂದೆ ಅಲ್ಲಿ ಅಂಗಡಿ ಕಟ್ಟುವನಂತೆ. ಯಾವತ್ತೂ ನನ್ನನ್ನು ಚಿಕ್ಕಮ್ಮನೆಂದು ಕಾಕು ಎನ್ನುತ್ತಿದ್ದವನು ಅವತ್ತು ಹೊರಗಿನ ಹೆಂಗಸನ್ನು ಕರೆದಂತೆ ಬಾಯಿ ಎಂದ.

"ಕಾಕಾ ಇರೂತನಕ ನೀವೂ ಇರ್ರಿ ಬಾಯಿ. ಆಮ್ಯಾಲ ನಿಮ್ದೇನ್ ಅದ ಇಲ್ಲಿ?"

"ಈ ಗ್ವಾಡಿ ಮೆತ್ತಿದಾಕಿ ಯಾರೋ?" ಎಂದೆ.

"ಗ್ವಾಡಿ ಮೆತ್ತಿದವರೆಲ್ಲ ಮಾಲಕರಾದ್ರ ಹ್ಯಾಂಗ್ರಿ?"

ಅವತ್ತಿನಿಂದ ನನಗೆ ಕೂತಲ್ಲಿ ಕೂಡಲಾಗಲಿಲ್ಲ. ರೊಟ್ಟಿ ಬಡಿಯುತ್ತ ಎದ್ದು ಬಾಗಿಲಿಗೆ ಹೋಗುವೆ, ಬಾಗಿಲಿನಿಂದ ಎಮ್ಮೆಯ ಹತ್ತಿರ, ಅಲ್ಲಿಂದ ಹಂಚಿನ ಮೇಲೆ ಸುಟ್ಟು ಹೋದ ರೊಟ್ಟಿಯ ಹತ್ತಿರ. ಈ ವಯಸ್ಸಿನಲ್ಲಿ ಮನೆ ಬಿಟ್ಟು ಎಲ್ಲಿಗೆ ಹೋಗಲಿ?

ಆದರೂ ಒಳಗೊಂದು ಧೈರ್ಯವಿತ್ತು. ನಮ್ಮ ಕಡೆ ಎಳ್ಳಮಾವಾಸ್ಯೆಗೆ ಭಜ್ಜಿ, ಸಜ್ಜೆರೊಟ್ಟಿ, ಅಂಬಲಿ ಹೊಲಕ್ಕೆ ಒಯ್ದು, ಬೆಳೆಗೆ ಅದನ್ನೇ ಚರಗವೆಂದು ಚೆಲ್ಲಿ, ಆಮೇಲೆ ಊಟ. ಆ ಬುಟ್ಟಿ ಹೊರುವವಳು ಮನೆಯ ಹೆಂಡತಿ, ಬೇರೆಯವಳಲ್ಲ. ನಾನು ಬಂದ ವರ್ಷದಿಂದ ಹೊರುತ್ತಿದ್ದೇನೆ. ಶರಣು ಅದೇ ಬುಟ್ಟಿಯ ರೊಟ್ಟಿ ತಿಂದು ಮೀಸೆ ಬಿಟ್ಟಿದ್ದಾನೆ. ಕಾಯಿದೆಗೆ ಇದಕ್ಕಿಂತ ಹೆಚ್ಚು ಏನು ಬೇಕು, ನೀವೇ ಹೇಳಿ.

ಊರಿನ ವಕೀಲರ ಹತ್ತಿರ ಹೋದರೆ ಶರಣುವಿಗೆ ಸುದ್ದಿ ಮುಟ್ಟೀತೆಂದು ಬಸ್ಸು ಹತ್ತಿ ಬಸವಕಲ್ಯಾಣಕ್ಕೆ ಹೋದೆ. ಅಲ್ಲಿಯ ವಕೀಲರ ಕಚೇರಿಯಲ್ಲಿ ನನಗಿಂತ ಮೊದಲು ಒಬ್ಬ ಹುಡುಗ, ಒಬ್ಬ ಹುಡುಗಿ ಕೂತಿದ್ದರು. ಮದುವೆಯಿಲ್ಲದೆ ಬಾಡಿಗೆ ಕೋಣೆಯಲ್ಲಿ ಕೂಡಿ ಇದ್ದವರು. ಕೂಡುವಾಗ ಕಾಯಿದೆ ನಮಗೇಕೆ ಅಂದಿದ್ದರಂತೆ. ಈಗ ಬಿಡುವಾಗ ಫ್ರಿಜ್ಜು ಯಾರದೆಂದು ಕಾಯಿದೆಯನ್ನೇ ಕೇಳುತ್ತಿದ್ದರು. ನನಗೆ ನಗು ಬಂತು. ಆಮೇಲೆ ನನ್ನ ಪಾಳಿ ಬಂತು, ನಗು ಹೋಯಿತು.

ವಕೀಲೆ ಚಿಕ್ಕ ವಯಸ್ಸಿನವಳು. ಬುಟ್ಟಿಯ ಕತೆಯನ್ನು ಪೂರ್ತಿ ಕೇಳಿದಳು.

"ತಾಳಿ ಕಟ್ಯಾರೇನ್ ಆಯಿ?"

"ಇಲ್ರಿ. ಬುಟ್ಟಿ ಹೊತ್ತೀನಿ."

"ಸಾಕ್ಷಿ ಯಾರು ಹೇಳ್ತಾರ?"

"ಊರೆಲ್ಲ ನೋಡ್ಯಾದ್ರಿ."

"ಊರು ಕೋರ್ಟಿಗಿ ಬರಂಗಿಲ್ಲ ಆಯಿ. ಬಂದ್ರೂ ಆ ಹುಡುಗನ ಮಾರಿ ನೋಡಿ ಮಾತಾಡ್ತದ."

ಬಹಳ ವರ್ಷ ಗಂಡಹೆಂಡತಿಯಂತೆ ಬಾಳಿದವರನ್ನು ಕೋರ್ಟು ಮದುವೆಯಾದವರೆಂದು ಹಿಡಿಯಬಹುದಂತೆ, ಹಿಡಿಯದೆಯೂ ಇರಬಹುದಂತೆ. ತೀರ್ಪು ಬರುವಷ್ಟರಲ್ಲಿ ನಾನು ಇರಬಹುದು, ಇಲ್ಲದೆಯೂ ಇರಬಹುದು. ಮಾರುತಿ ಮೃತ್ಯುಪತ್ರ ಬರೆಸಲಿ, ಇಲ್ಲವೇ ಈಗಲೇ ರಿಜಿಸ್ಟರ್ ಮದುವೆಯಾಗಿರಿ ಎಂದಳು.

ಮಾರುತಿ ಆಸ್ಪತ್ರೆಯಿಂದ ಬಂದು ಹೊರಸಿನ ಮೇಲೆ ಬಿದ್ದುಕೊಂಡಿದ್ದ. ಹೇಳಿದೆ.

"ಮೃತ್ಯುಪತ್ರದ ಹೆಸರ ತಗೀಬ್ಯಾಡ. ಅಪಶಕುನ."

"ಹಂಗಾದ್ರ ಲಗ್ನ ಆಗು."

"ವಿಚಾರ ಮಾಡ್ತೀನಿ."

ಇಷ್ಟು ವರ್ಷ ನನ್ನ ಕೈಯ ರೊಟ್ಟಿ ತಿಂದವನು ನಾನು ತಕ್ಕವಳೋ ಅಲ್ಲವೋ ಎಂದು ವಿಚಾರಕ್ಕೆ ಕೂತ. ಮರುದಿನ ಕೇಳಿದರೆ ಓಣಿಯವರು ನಗುತ್ತಾರೆ ಎಂದ. ಹೋಗಿ ಎಮ್ಮೆಯ ಹಗ್ಗ ಬಿಚ್ಚಿದೆ.

"ಎಲ್ಲಿಗಿ ಹೊಂಟಿ?"

"ಮಂಠಾಳಕ್ಕ. ತಾಳಿ ಇದ್ದಾಕಿ ಬಿಡಬೇಕಂದ್ರ ಕೋರ್ಟ ಬೇಕು. ನನಗ ಹಗ್ಗ ಬಿಚ್ಚಿದ್ರ ಸಾಕು."

ನನ್ನನ್ನು ಹಿಡಿದಿಡಲು ಕಾಯಿದೆ ತನಗೂ ಏನೂ ಕೊಟ್ಟಿಲ್ಲವೆಂದು ಅವನಿಗೆ ಆಗ ಹೊಳೆದಿರಬೇಕು. ನಿಜ ಹೇಳಬೇಕೆಂದರೆ ನನಗೂ ಆಗಲೇ ಹೊಳೆದದ್ದು. ಆ ರಾತ್ರಿಗೆ ಎಮ್ಮೆಯನ್ನು ಮತ್ತೆ ಕಟ್ಟಿದೆ. ಬೆಳಿಗ್ಗೆ ಎದ್ದು ನೋಡಿದರೆ ಗಡ್ಡ ಬೋಳಿಸಿಕೊಂಡು, ಬಿಳಿ ಅಂಗಿ ಹಾಕಿಕೊಂಡು, ಆಟೋ ಕರೆಸಿ ಕೂತಿದ್ದ.

ಈಗ ರಿಜಿಸ್ಟರ್ ಕಚೇರಿಯ ಗೋಡೆಗೆ ನಮ್ಮಿಬ್ಬರ ಹೆಸರಿನ ನೋಟಿಸು ಹಚ್ಚಿದ್ದಾರೆ. ತಕರಾರಿದ್ದವರು ಒಂದು ತಿಂಗಳೊಳಗೆ ಹೇಳಬೇಕು. ಶರಣು ಹೋಗಿದ್ದನಂತೆ, ಅಂಗಳ ಬೇಕಾಗಿದೆ ಎಂಬುದು ತಕರಾರಲ್ಲ ಎಂದು ಗುಮಾಸ್ತ ನಕ್ಕು ಕಳಿಸಿದನಂತೆ. ಮಾರುತಿ ದಿನಾ ಕೇಳುತ್ತಾನೆ, ತಿಂಗಳು ಯಾವಾಗ ಮುಗಿಯುತ್ತದೆ ಎಂದು.

ನನಗೆ ಮಾತ್ರ ಈಗಲೂ ಕೂತಲ್ಲಿ ಕೂಡಲಾಗುತ್ತಿಲ್ಲ. ಅವನು ಸಕ್ಕರೆ ಕದ್ದು ಮುಕ್ಕುವುದು, ಎಮ್ಮೆಗೆ ನೀರಿಟ್ಟೆ ಎಂದು ಸುಳ್ಳು ಹೇಳುವುದು, ಕಟ್ಟೆಯ ಮೇಲೆ ಕೂತು ಅಂಗಳಕ್ಕೆ ಉಗುಳುವುದು, ಇವನ್ನೆಲ್ಲ ಪರಗಂಡಸಿನ ಚಾಳಿಯೆಂದು ಬಿಟ್ಟಿದ್ದೆ. ಇನ್ನು ಹಾಗೆ ಬಿಡುವಂತಿಲ್ಲ. ಈ ಮದುವೆಗೆ ನಿಜವಾದ ತಕರಾರು ಇರುವುದು ನನ್ನೊಬ್ಬಳಿಗೇ, ಮತ್ತು ಅದಕ್ಕೆ ಒಂದು ತಿಂಗಳು ಸಾಲದು. ಸಹಿ ಆಗಲಿ. ಆಮೇಲೆ ಮನೆಯಲ್ಲೇ ಕೂತು, ಸಾವಕಾಶವಾಗಿ ಹೇಳುತ್ತೇನೆ.